ಗೂಡಿಗಿಂತ ಮೊದಲು ತಟ್ಟೆಯನ್ನು ನೋಡಿ: ಸಾಕುಗಿಳಿಗಳ ಮೊಟ್ಟೆಯ ತೊಡಕುಗಳು

(ಪಂಜರದ ಹಕ್ಕಿಗಳನ್ನು ಸಾಕುವವರ ಸಭೆಯೊಂದರಲ್ಲಿ ಪಶುವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಸಭಿಕರಿಗೆ ನಮಸ್ಕಾರ. ಗಿಳಿ ಸಾಕುವವರು ಮೊಟ್ಟೆಯ ವಿಚಾರವಾಗಿ ವೈದ್ಯರ ಬಳಿಗೆ ತರುವ ದೂರುಗಳು ಹೆಚ್ಚೇನಿಲ್ಲ. ಇಟ್ಟ ಮೊಟ್ಟೆ ಮರಿಯಾಗಲಿಲ್ಲ, ಮರಿ ಚಿಪ್ಪಿನೊಳಗೇ ಸತ್ತಿತ್ತು, ಹೆಣ್ಣಿಗೆ ಮೊಟ್ಟೆ ಇಡಲಾಗುತ್ತಿಲ್ಲ, ಗಂಡಿಲ್ಲದಿದ್ದರೂ ಮೊಟ್ಟೆ ಇಡುವುದು ನಿಲ್ಲುತ್ತಿಲ್ಲ ಎಂಬ ನಾಲ್ಕೇ ಮಾತುಗಳು ಬೇರೆ ಬೇರೆ ರೂಪದಲ್ಲಿ ಬರುತ್ತವೆ. ಇವುಗಳಲ್ಲಿ ಬಹುಪಾಲಿಗೆ ಕಾರಣ ಗೂಡಿನೊಳಗೆ ಸಿಗುವುದಿಲ್ಲ. ಹೆಣ್ಣು ಮೊದಲ ಮೊಟ್ಟೆ ಇಡುವುದಕ್ಕೆ ವಾರಗಳ ಮೊದಲೇ ಅದರ ತಟ್ಟೆಯಲ್ಲಿ, ಅದಕ್ಕೆ ಕೂಡಿಸಿದ ಜೋಡಿಯಲ್ಲಿ, ಅದರ ಮೇಲೆ ಬೀಳುವ ಬೆಳಕಿನಲ್ಲಿ ಸಿಗುತ್ತದೆ ಎನ್ನುವುದನ್ನು ತಮ್ಮ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬೇಕೆಂದಿದ್ದೇನೆ.

ಅದಕ್ಕೂ ಮುನ್ನ ಕಾನೂನಿನ ಮಾತನ್ನು ಮುಗಿಸಿಬಿಡೋಣ. ನಮ್ಮ ತೋಟ, ಬಯಲುಗಳಲ್ಲಿ ಹಾರಾಡುವ ಕೆಂಪು ಕೊಕ್ಕಿನ ಹಸಿರು ಗಿಳಿಯನ್ನಾಗಲಿ, ನಮ್ಮ ದೇಶದ ಬೇರೆ ಯಾವುದೇ ಕಾಡುಗಿಳಿಯನ್ನಾಗಲಿ ಪಂಜರದಲ್ಲಿ ಇಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಅದರ ಗೂಡನ್ನು ಕದಡುವುದು ಕೂಡ ಬೇಟೆ ಎಂದೇ ಪರಿಗಣಿತವಾಗುತ್ತದೆ. ತೆಂಗಿನ ಪೊಟರೆಯಿಂದ ಮರಿ ಇಳಿಸಿ ಸಾಕಿಕೊಂಡೆವು ಎಂದು ಮುಗ್ಧವಾಗಿ ಹೇಳುವವರು ಇದನ್ನು ತಿಳಿದಿರಬೇಕು. ಆದ್ದರಿಂದ ಇಂದಿನ ಮಾತು ಬಡ್ಜಿ, ಕಾಕಟೀಲ್, ಲವ್ ಬರ್ಡ್, ಕಾನ್ಯೂರ್, ಆಫ್ರಿಕನ್ ಗ್ರೇ ಮೊದಲಾದ ವಿದೇಶಿ ಗಿಳಿಗಳಿಗೆ ಮಾತ್ರ ಸಂಬಂಧಿಸಿದ್ದು. ಇವುಗಳಲ್ಲಿ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿದ ಜಾತಿಗಳನ್ನು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದರೆ ಅದನ್ನೂ ತಿಳಿಸಬೇಕು. ಬಡ್ಜಿ ಮತ್ತು ಕಾಕಟೀಲ್ ಆ ಪಟ್ಟಿಯಲ್ಲಿಲ್ಲ; ಆಫ್ರಿಕನ್ ಗ್ರೇ ಮಾತ್ರ 2017ರಿಂದ ಅದರ ಅತ್ಯಂತ ಕಟ್ಟುನಿಟ್ಟಿನ ಮೊದಲ ಅನುಬಂಧದಲ್ಲಿದೆ.

ಈಗ ಹೆಣ್ಣು ಹಕ್ಕಿಯ ಮೈಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ. ಬಡ್ಜಿಯ ಮೂಲ ನೆಲೆ ಆಸ್ಟ್ರೇಲಿಯದ ಒಣ ಒಳನಾಡು. ಅಲ್ಲಿ ಅದಕ್ಕೆ ನಿಶ್ಚಿತವಾದ ಋತುವಿಲ್ಲ. ಮಳೆ ಬಿದ್ದು ಹುಲ್ಲು ತೆನೆಗಟ್ಟಿದಾಗ ಮರದ ಪೊಟರೆ ಹುಡುಕಿ ಮೊಟ್ಟೆ ಇಡುತ್ತದೆ, ಮೇವು ತೀರಿದಾಗ ನಿಲ್ಲಿಸಿ ಬೇರೆಡೆಗೆ ಹಾರುತ್ತದೆ. ನಮ್ಮ ಮನೆಗಳಲ್ಲಿ ಮೇವು ತೀರುವುದೇ ಇಲ್ಲ, ನೀರು ಬತ್ತುವುದಿಲ್ಲ, ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್ ಉರಿಯುತ್ತದೆ, ಗೂಡಿನ ಮಡಕೆ ವರ್ಷವಿಡೀ ತೂಗುತ್ತದೆ. ಹಕ್ಕಿಯ ಪಾಲಿಗೆ ಇದು ಮುಗಿಯದ ಸುಗ್ಗಿ, ಆದ್ದರಿಂದ ಅದು ಮೊಟ್ಟೆ ಇಡುತ್ತಲೇ ಇರುತ್ತದೆ. ಒಂದು ಬಡ್ಜಿ ಮೊಟ್ಟೆಯ ತೂಕ ಸುಮಾರು 2 ಗ್ರಾಂ. ಆರು ಮೊಟ್ಟೆಗಳೆಂದರೆ 12 ಗ್ರಾಂ. ಮೂವತ್ತೈದು ನಲವತ್ತು ಗ್ರಾಂ ತೂಗುವ ಹಕ್ಕಿಯೊಂದು ತನ್ನ ಮೈತೂಕದ ಸರಿಸುಮಾರು ಮೂರನೇ ಒಂದು ಭಾಗವನ್ನು ಹನ್ನೆರಡು ದಿನಗಳೊಳಗೆ ಹೊರಹಾಕುತ್ತದೆ ಎಂದಾಗ, ವರ್ಷಕ್ಕೆ ನಾಲ್ಕೈದು ಸಲ ಮರಿ ತೆಗೆಸುವವರು ಆ ಹೆಣ್ಣಿನಿಂದ ಏನನ್ನು ಕೇಳುತ್ತಿದ್ದಾರೆ ಎಂಬುದು ಅರ್ಥವಾದೀತು. ನನ್ನ ಸಲಹೆ ವರ್ಷಕ್ಕೆ ಎರಡು ಸಲ ಸಾಕು, ಮೂರನೆಯದು ಬೇಡವೇ ಬೇಡ. ಒಂದು ವರ್ಷ ತುಂಬದ ಬಡ್ಜಿಗೆ, ಒಂದೂವರೆ ವರ್ಷ ತುಂಬದ ಕಾಕಟೀಲ್‌ಗೆ ಗೂಡು ಕೊಡಲೇಬಾರದು.

ಮೊಟ್ಟೆಯ ಚಿಪ್ಪಿನ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸುಣ್ಣದ ಅಂಶ. ಮೊಟ್ಟೆ ಇಡುವ ಕಾಲ ಹತ್ತಿರವಾದಂತೆ ಹೆಣ್ಣಿನ ಕಾಲಿನ ಉದ್ದ ಮೂಳೆಗಳ ಟೊಳ್ಳಿನೊಳಗೆ ಹಾರ್ಮೋನಿನ ಪ್ರಭಾವದಿಂದ ಹೊಸದೊಂದು ಮೂಳೆಯ ಜಾಲ ಬೆಳೆದು ಕ್ಯಾಲ್ಸಿಯಮ್ಮನ್ನು ಕೂಡಿಟ್ಟುಕೊಳ್ಳುತ್ತದೆ. ಆಹಾರದಲ್ಲಿ ಸಿಗದ ದಿನ ಹಕ್ಕಿ ಅಲ್ಲಿಂದ ಕಡ ತೆಗೆಯುತ್ತದೆ. ಅದೂ ಮುಗಿದಾಗ ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಚಿಪ್ಪೇ ಇಲ್ಲದ ತೊಗಲಿನಂಥ ಮೊಟ್ಟೆ ಬರುತ್ತದೆ, ಕೊನೆಗೆ ಅಂಡನಾಳದ ಸ್ನಾಯುಗಳಿಗೆ ಮೊಟ್ಟೆಯನ್ನು ಹೊರದೂಡುವ ಬಲವೂ ಉಳಿಯುವುದಿಲ್ಲ. ಸ್ನಾಯು ಸಂಕುಚಿಸಲಿಕ್ಕೂ ಕ್ಯಾಲ್ಸಿಯಂ ಬೇಕು ಎಂಬುದನ್ನು ಜನ ಮರೆಯುತ್ತಾರೆ. ಚಿಪ್ಪು ಒರಟಾಗಿದೆ, ಒಂದು ತುದಿಯಲ್ಲಿ ಮೆತ್ತಗಿದೆ ಎಂದು ಕಂಡರೆ ಅದನ್ನು ಆ ಒಂದು ಮೊಟ್ಟೆಯ ದೋಷವೆಂದು ಬಿಡದೆ ಮುಂದಿನ ಮೊಟ್ಟೆಗೆ ಹೆಣ್ಣು ಕಷ್ಟಪಡಬಹುದೆಂಬ ಎಚ್ಚರಿಕೆಯೆಂದು ತಿಳಿಯಬೇಕು.

ನಮ್ಮಲ್ಲಿ ಬಡ್ಜಿಗೆ ನವಣೆ, ಕಾಕಟೀಲ್‌ಗೆ ನವಣೆಯ ಜೊತೆ ಸೂರ್ಯಕಾಂತಿ ಬೀಜ ಎಂಬುದು ಬಹುತೇಕ ನಿಯಮವೇ ಆಗಿಬಿಟ್ಟಿದೆ. ನವಣೆಯಲ್ಲಿ ಕ್ಯಾಲ್ಸಿಯಂ 100 ಗ್ರಾಂಗೆ 30 ಮಿಲಿಗ್ರಾಂ ಆಸುಪಾಸು ಮಾತ್ರ. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಧಾರಾಳ, ರಂಜಕವೂ ಧಾರಾಳ, ಕ್ಯಾಲ್ಸಿಯಂ ಅಲ್ಪ, ಮತ್ತು ರಂಜಕ ಅತಿಯಾದಾಗ ಇರುವ ಕ್ಯಾಲ್ಸಿಯಮ್ಮೂ ಮೈಗೆ ದಕ್ಕುವುದಿಲ್ಲ. ಆದರೆ ನಮ್ಮದೇ ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಹಳೆಯ ಮೈಸೂರಿನ ಕಡೆ ಪ್ರತಿ ಅಡುಗೆಮನೆಯಲ್ಲೂ ಇರುವ ಧಾನ್ಯವನ್ನು ಬಿಟ್ಟು ದುಬಾರಿ ಪೊಟ್ಟಣ ಹುಡುಕುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಕೊಟ್ಟರೆ ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಫೈಟೇಟ್ ಅಂಶವೂ ತಗ್ಗುತ್ತದೆ. ಮೊಳಕೆ ಲೋಳೆಗಟ್ಟಿದ್ದರೆ ಅಥವಾ ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಇದರ ಜೊತೆಗೆ ನುಗ್ಗೆಸೊಪ್ಪು, ಕೊತ್ತಂಬರಿ ಸೊಪ್ಪು, ತುರಿದ ಗಜ್ಜರಿ ಇರಲಿ. ಇವುಗಳಿಂದ ಸಿಗುವ ಎ ಜೀವಸತ್ವ ಅಂಡನಾಳದ ಒಳಪದರಕ್ಕೆ ಬೇಕೇ ಬೇಕು. ಪಂಜರಕ್ಕೆ ಸಿಕ್ಕಿಸುವ ಕಟಲ್ ಬೋನ್, ಎಂದರೆ ಕಡಲಜೀವಿಯೊಂದರ ಸುಣ್ಣದ ಒಳಚಿಪ್ಪು, ಸದಾ ಇರಲಿ, ಅಥವಾ ಕೋಳಿಮೊಟ್ಟೆಯ ಚಿಪ್ಪನ್ನು ಹತ್ತು ನಿಮಿಷ ಕುದಿಸಿ ಒಣಗಿಸಿ ಪುಡಿ ಮಾಡಿ ಇಡಿ. ಅನುಮಾನ ಬಂದ ಕೂಡಲೇ ಕ್ಯಾಲ್ಸಿಯಂ ಟಾನಿಕ್ಕನ್ನು ನೀರಿಗೆ ಅಳತೆಯಿಲ್ಲದೆ ಸುರಿಯುವುದು ಬೇಡ, ಹೆಚ್ಚಾದರೆ ಮೂತ್ರಪಿಂಡಕ್ಕೆ ಹಾನಿ. ಪ್ರಸಂಗವಶಾತ್ ಒಂದು ಮಾತು: ಬೆಣ್ಣೆಹಣ್ಣು ಗಿಳಿಗಳಿಗೆ ವಿಷ. ಮನೆಯವರು ತಿನ್ನುವಾಗ ಭುಜದ ಮೇಲಿನ ಹಕ್ಕಿಗೆ ಒಂದು ಚೂರು ಕೊಟ್ಟರೂ ಪ್ರಾಣಕ್ಕೆ ಕುತ್ತಾಗಬಹುದು.

ತಿಂದ ಕ್ಯಾಲ್ಸಿಯಂ ಒಳಗೆ ಹೀರಿಕೊಳ್ಳಬೇಕಾದರೆ ಡಿ3 ಜೀವಸತ್ವ ಬೇಕು, ಅದು ಮೈಯಲ್ಲೇ ತಯಾರಾಗಬೇಕಾದರೆ ನೇರ ಬಿಸಿಲು ಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಅದಕ್ಕೆ ಬೇಕಾದ ನೇರಳಾತೀತ ಕಿರಣ ಇರುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಬೆಳಕು ಚೆನ್ನಾಗಿದೆ ಎಂದು ತೃಪ್ತಿಪಡುವವರು ದಿನಕ್ಕೆ ಅರ್ಧ ಗಂಟೆಯಾದರೂ ಪಂಜರವನ್ನು ಬಾಲ್ಕನಿಯ ಎಳೆಬಿಸಿಲಿಗೆ ಇಡಬೇಕು. ಅರ್ಧಭಾಗಕ್ಕೆ ನೆರಳಿರಲಿ, ಕಾಗೆ ಬೆಕ್ಕುಗಳ ಮೇಲೆ ಕಣ್ಣಿರಲಿ.

ಇನ್ನು ಫಲಿತಗೊಳ್ಳದ ಮೊಟ್ಟೆ, ಅಂದರೆ ಸಾಕುವವರು ಕ್ಲಿಯರ್ ಎಗ್ ಎನ್ನುವುದು. ಇದಕ್ಕೆ ಅತ್ಯಂತ ಸಾಮಾನ್ಯ ಕಾರಣ ಮುಜುಗರ ತರುವಷ್ಟು ಸರಳ: ಜೋಡಿಯಲ್ಲಿ ಗಂಡೇ ಇಲ್ಲ. ನಿಜವಾದ ಲವ್ ಬರ್ಡ್‌ಗಳಲ್ಲಿ (ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಮಾರುವ ಬಡ್ಜಿಗಳಲ್ಲ) ಸಾಮಾನ್ಯವಾಗಿ ಸಾಕುವ ಬಗೆಗಳ ಗಂಡು ಹೆಣ್ಣುಗಳು ನೋಟಕ್ಕೆ ಒಂದೇ. ಎರಡು ಹೆಣ್ಣುಗಳು ಒಂದಕ್ಕೊಂದು ತುತ್ತು ಕೊಡುತ್ತ, ಒಂದನ್ನೊಂದು ಏರುತ್ತ ಅನ್ಯೋನ್ಯವಾಗಿರುತ್ತವೆ. ಗೂಡಿನಲ್ಲಿ ನಾಲ್ಕೈದರ ಬದಲು ಎಂಟು ಹತ್ತು ಮೊಟ್ಟೆ ಕಂಡರೆ ಎರಡೂ ಇಟ್ಟಿವೆ ಎಂದು ಶಂಕಿಸಬೇಕು. ಬಡ್ಜಿಯಲ್ಲಿ ಕೊಕ್ಕಿನ ಮೇಲಿನ ಮೂಗಿನ ತೊಗಲು ಬೆಳೆದ ಗಂಡಿನಲ್ಲಿ ನೀಲಿ, ಹೆಣ್ಣಿನಲ್ಲಿ ಕಂದು. ಆದರೆ ಹಳದಿ ಲುಟಿನೋ ಮತ್ತು ಬಿಳಿ ಆಲ್ಬಿನೋ ಗಂಡುಗಳಲ್ಲಿ ಅದು ಗುಲಾಬಿ ನೇರಳೆಯಾಗಿಯೇ ಉಳಿಯುವುದರಿಂದ ಅಂಗಡಿಯವರೇ ತಪ್ಪುತ್ತಾರೆ. ಅನುಮಾನವಿದ್ದರೆ ಕಿತ್ತ ಗರಿಯನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದರೆ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ. ಗಂಡು ಇದ್ದೂ ಮೊಟ್ಟೆ ಫಲಿತವಾಗದಿದ್ದರೆ ಮೊದಲು ಕೂರುವ ಕಡ್ಡಿಯನ್ನು ಅಲುಗಾಡಿಸಿ ನೋಡಿ. ಸಡಿಲವಾಗಿ ಉರುಳುವ, ನುಣುಪಾದ ಪ್ಲಾಸ್ಟಿಕ್ ಕಡ್ಡಿಯ ಮೇಲೆ ಹೆಣ್ಣಿಗೆ ಕಾಲೂರಿ ನಿಲ್ಲಲಾಗದೆ ಕೂಡುವಿಕೆ ಅರ್ಧಕ್ಕೇ ಮುರಿಯುತ್ತದೆ. ಎರಡು ತುದಿಯೂ ಬಿಗಿಯಾದ ಬೇವಿನ ಅಥವಾ ಪೇರಲೆಯ ಕೊಂಬೆ ಈ ಸಮಸ್ಯೆಯನ್ನು ಪರಿಹರಿಸುತ್ತದೆ. ಬೊಜ್ಜು, ಮುಪ್ಪು, ಹಿಂಬದಿಯ ದಟ್ಟ ಗರಿ, ಗಂಡಿನ ಎಳೆತನ ಇವೆಲ್ಲ ಆಮೇಲಿನ ಕಾರಣಗಳು.

ಒಂದೇ ಪಂಜರದಿಂದ ಕೊಂಡ ಜೋಡಿ ಅಣ್ಣ ತಂಗಿಯಾಗಿರುವ ಸಂಭವ ಹೆಚ್ಚು. ಹತ್ತಿರದ ರಕ್ತಸಂಬಂಧ ಏನು ಮಾಡುತ್ತದೆಂಬುದಕ್ಕೆ ನ್ಯೂಜಿಲೆಂಡಿನ ಹಾರಲಾರದ ಗಿಳಿ ಕಾಕಾಪೋಗಿಂತ ದೊಡ್ಡ ಪಾಠ ಬೇಕಿಲ್ಲ. 1995ರಲ್ಲಿ ಅವುಗಳ ಸಂಖ್ಯೆ 51ಕ್ಕೆ ಇಳಿದಿತ್ತು. ಹಗಲಿರುಳು ಕಾವಲು, ಎಣಿಸಿ ಕೊಡುವ ಆಹಾರ, ಪರಿಣತರ ನಿಗಾ ಎಲ್ಲ ಇದ್ದರೂ ಅವು ಇಡುವ ಮೊಟ್ಟೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಮರಿಯಾಗುತ್ತವೆ. ಅಲ್ಲಿ ಬೇರೆ ದಾರಿಯಿಲ್ಲ, ನಮಗೆ ಇದೆ. ಗಂಡನ್ನು ಒಂದು ಕಡೆಯಿಂದ, ಹೆಣ್ಣನ್ನು ಇನ್ನೊಂದು ಕಡೆಯಿಂದ ತನ್ನಿ, ನಿಮ್ಮಲ್ಲಿ ಹುಟ್ಟಿದ ಮರಿಗಳ ಕಾಲಿಗೆ ಉಂಗುರ ತೊಡಿಸಿ ತಂದೆ ತಾಯಿಯ ಗುರುತು ಬರೆದಿಡಿ.

ಮೊಟ್ಟೆ ಫಲಿತವೋ ಅಲ್ಲವೋ ಎಂದು ತಿಳಿಯಲು ಬೆಳಕು ಹಾಯಿಸಿ ನೋಡುವ ಕ್ರಮ ಎಲ್ಲರೂ ಕಲಿಯಬಹುದಾದದ್ದು. ಕಾವು ಶುರುವಾಗಿ ಐದಾರು ದಿನವಾದ ಮೇಲೆ, ಕೈ ತೊಳೆದು ಒರೆಸಿಕೊಂಡು, ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚಿಗೆ ಬಟಾಣಿ ಗಾತ್ರದ ತೂತಿರುವ ರಟ್ಟನ್ನು ಹಿಡಿದು, ಮೊಟ್ಟೆಯ ದಪ್ಪ ತುದಿಯನ್ನು ಆ ತೂತಿಗೆ ಮೆಲ್ಲಗೆ ತಾಗಿಸಿ. ಗಿಳಿಗಳೆಲ್ಲ ಬಿಳಿ ಮೊಟ್ಟೆಯನ್ನೇ ಇಡುವುದರಿಂದ ಒಳಗಿನದು ಸ್ಪಷ್ಟವಾಗಿ ಕಾಣುತ್ತದೆ. ಜೀವವಿರುವ ಮೊಟ್ಟೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ, ಅದರಿಂದ ಸುತ್ತಲೂ ಹರಡಿದ ಕೂದಲೆಳೆಯಂಥ ಕೆಂಪು ರಕ್ತನಾಳಗಳು, ಒಮ್ಮೊಮ್ಮೆ ಚುಕ್ಕೆ ಮಿಡಿಯುವುದು ಕೂಡ ಕಾಣುತ್ತದೆ. ಫಲಿತಗೊಳ್ಳದ್ದರಲ್ಲಿ ಹಳದಿಯ ಮಸುಕು ನೆರಳು ಮಾತ್ರ ಅತ್ತಿತ್ತ ಜಾರುತ್ತದೆ. ರಕ್ತನಾಳಗಳೆಲ್ಲ ಮಾಯವಾಗಿ ಕೆಂಪು ಬಳೆಯೊಂದು ಉಳಿದಿದ್ದರೆ, ಜೀವ ಮೂಡಿ ಮೊದಲ ದಿನಗಳಲ್ಲೇ ಆರಿದೆ ಎಂದರ್ಥ. ಎರಡು ಸ್ಥಿತಿಗಳ ಕಾರಣಗಳು ಬೇರೆಯಾದ್ದರಿಂದ ಮರಿಯಾಗಲಿಲ್ಲ ಎಂದಷ್ಟೇ ಹೇಳಿದರೆ ವೈದ್ಯನಿಗೆ ಏನೂ ತಿಳಿಯದು. ಬಳೆ ಕಂಡಿತೇ, ಏನೂ ಮೂಡದೆ ಬರಿದಾಗಿಯೇ ಇತ್ತೇ, ಪೂರ್ತಿ ಬೆಳೆದು ಸತ್ತಿತ್ತೇ ಎಂಬುದನ್ನು ಬರೆದುಕೊಂಡು ಬನ್ನಿ.

ದಿನ ಎಣಿಸುವುದರಲ್ಲೂ ಗೊಂದಲವಿದೆ. ಬಡ್ಜಿಗೆ ಕಾವಿನ ಅವಧಿ ಸುಮಾರು 18 ದಿನ, ಕಾಕಟೀಲ್‌ಗೆ 18ರಿಂದ 21, ಲವ್ ಬರ್ಡ್‌ಗೆ 22-23, ಆಫ್ರಿಕನ್ ಗ್ರೇಗೆ 28-30. ನಮ್ಮ ಅಂಗಡಿಗಳಲ್ಲಿ ಬಡ್ಜಿಯನ್ನೇ ಲವ್ ಬರ್ಡ್ಸ್ ಎಂದು ಮಾರುವ ರೂಢಿಯಿರುವುದರಿಂದ, ಬಡ್ಜಿಯ ಲೆಕ್ಕ ಹಿಡಿದು ನಿಜವಾದ ಲವ್ ಬರ್ಡಿನ ಜೀವಂತ ಮೊಟ್ಟೆಗಳನ್ನು ಇಪ್ಪತ್ತನೆಯ ದಿನ ಎಸೆದವರಿದ್ದಾರೆ. ಈ ಲೆಕ್ಕ ಶುರುವಾಗುವುದು ಮೊಟ್ಟೆ ಇಟ್ಟ ದಿನದಿಂದಲ್ಲ, ಹಕ್ಕಿ ಬಿಡದೆ ಕಾವಿಗೆ ಕೂತ ದಿನದಿಂದ. ಕಾಕಟೀಲ್ ಜೋಡಿ ಎಷ್ಟೋ ಸಲ ಮೂರನೆಯ ಮೊಟ್ಟೆಯವರೆಗೆ ಸರಿಯಾಗಿ ಕೂರುವುದೇ ಇಲ್ಲ.

ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸಾಯುವುದಕ್ಕೆ ನಮ್ಮ ರಾಜ್ಯದಲ್ಲಿ ಊರಿಗೊಂದು ಕಾರಣವಿದೆ ಎನ್ನಬಹುದು. ಕಾವಿನ ಅವಧಿಯಲ್ಲಿ ಮೊಟ್ಟೆಯೊಳಗಿನ ನೀರು ಚಿಪ್ಪಿನ ರಂಧ್ರಗಳ ಮೂಲಕ ಆವಿಯಾಗಿ, ಅದರ ತೂಕ ನೂರಕ್ಕೆ 13ರಿಂದ 15ರಷ್ಟು ಇಳಿಯಬೇಕು. ಕಲಬುರಗಿ, ಬಳ್ಳಾರಿ, ರಾಯಚೂರುಗಳ ಏಪ್ರಿಲ್ ತಿಂಗಳ ಒಣಹವೆಯಲ್ಲಿ ಇದಕ್ಕಿಂತ ಹೆಚ್ಚು ಇಳಿದು ಒಳಪೊರೆ ಮರಿಯ ಮೈಗೆ ಅಂಟಿಕೊಳ್ಳುತ್ತದೆ, ಅದಕ್ಕೆ ತಿರುಗಿ ಚಿಪ್ಪು ಒಡೆಯಲಾಗುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಇದರ ವಿರುದ್ಧ: ನೀರು ಆರದೆ ಗಾಳಿಚೀಲ ಚಿಕ್ಕದಾಗಿಯೇ ಉಳಿದು, ಮರಿ ಮೊದಲ ಉಸಿರಿಗೆ ಜಾಗವಿಲ್ಲದೆ ಸಾಯುತ್ತದೆ. ಒಣ ಸೀಮೆಯವರು ಅಗಲವಾದ ನೀರಿನ ತಟ್ಟೆ ಇಟ್ಟರೆ ಹೆಣ್ಣು ಮಿಂದು ಒದ್ದೆ ಎದೆಯೊಂದಿಗೆ ಗೂಡಿಗೆ ಹೋಗಿ ತಾನೇ ತೇವ ಹೊಂದಿಸಿಕೊಳ್ಳುತ್ತದೆ. ಕರಾವಳಿಯವರು ಗೂಡಿಗೆ ಗಾಳಿಯ ತೂತುಗಳನ್ನು ಹೆಚ್ಚಿಸಿ ಹಾಸನ್ನು ಒಣಗಿಡಬೇಕು. ತಗಡಿನ ಸೂರಿನ ಕೆಳಗೆ ನಲವತ್ತು ಡಿಗ್ರಿ ದಾಟುವ ಕೋಣೆಯಲ್ಲಿ ಮೊಟ್ಟೆಗಳು ತಾಯಿ ಎದ್ದುಹೋದ ಮೇಲೂ ಬೇಯುತ್ತಲೇ ಇರುತ್ತವೆ. ಅಂಥ ತಿಂಗಳುಗಳಲ್ಲಿ ಗೂಡು ಇಳಿಸಿಬಿಡುವುದೇ ಸರಿ. ಇನ್‌ಕ್ಯುಬೇಟರ್ ಕೊಳ್ಳಲೇ ಎಂದು ಕೇಳುವವರಿಗೆ ನನ್ನ ಉತ್ತರ: 37 ಡಿಗ್ರಿಯ ಮೇಲಿನ ಕಾಲು ಅರ್ಧ ಡಿಗ್ರಿಯನ್ನು ರಾತ್ರಿಯಿಡೀ ಕಾಯಬಲ್ಲವರು, ಕರೆಂಟು ಹೋದಾಗ ಏನು ಮಾಡಬೇಕೆಂದು ಬಲ್ಲವರು ಕೊಳ್ಳಲಿ, ಉಳಿದವರು ತಾಯಿಯನ್ನೇ ನಂಬಲಿ. ಹುಟ್ಟಿದ ಬಡ್ಜಿ ಮರಿಗಳೂ ಒಂದಾದ ಮೇಲೊಂದು ಎರಡನೆಯ ಮೂರನೆಯ ವಾರದಲ್ಲಿ ಸಾಯುತ್ತಿದ್ದರೆ, ಉಳಿದವುಗಳ ಗರಿ ಸರಿಯಾಗಿ ಬಾರದಿದ್ದರೆ ಅದು ಪಾಲಿಯೋಮಾ ವೈರಸ್ ಇರಬಹುದು. ಆಗ ಸಂತಾನ ಪೂರ್ತಿ ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು.

ಗೂಡಿನ ವಿಷಯ ಚಿಕ್ಕದು. ಮಣ್ಣಿನ ಮಡಕೆ ಕೆಟ್ಟದ್ದೇನಲ್ಲ, ತಗ್ಗಾದ ತಳದಿಂದಾಗಿ ಮೊಟ್ಟೆಗಳು ಒಟ್ಟಿಗೆ ಸೇರುತ್ತವೆ; ಆದರೆ ಮರದ ಹೊಟ್ಟು ಹಾಸದ ನುಣುಪು ತಳದಲ್ಲಿ ಮರಿಗಳ ಕಾಲು ಬದಿಗೆ ಜಾರಿ ಸೊಟ್ಟಗಾಗುತ್ತವೆ. ಮೊಟ್ಟೆ ಒಡೆದು ತಿನ್ನುವುದು, ಹೊರಗೆ ತಳ್ಳುವುದು ಬಹಳ ಸಲ ಇಕ್ಕಟ್ಟಿನಿಂದ, ಪದೇ ಪದೇ ಇಣುಕುವ ನಮ್ಮಿಂದ, ಅಥವಾ ಒಂದೇ ಪಂಜರದಲ್ಲಿ ಗೂಡಿಗಾಗಿ ಕಾದಾಡುವ ಇನ್ನೊಂದು ಹೆಣ್ಣಿನಿಂದ ಆಗುತ್ತದೆ. ಕೂದಲೆಳೆ ಬಿರುಕಿಗೆ ಒಂದು ತೆಳು ಪದರ ಬಿಳಿ ಗೋಂದು ಸವರಿದರೆ ಎಷ್ಟೋ ಸಲ ಮೊಟ್ಟೆ ಉಳಿಯುತ್ತದೆ. 2014ರಲ್ಲಿ ತಾಯಿಯ ಕಾಲಡಿ ನಜ್ಜಾದ ಕಾಕಾಪೋ ಮೊಟ್ಟೆಯೊಂದನ್ನು ಟೇಪು ಮತ್ತು ಗೋಂದಿನಿಂದ ಹಾಗೆಯೇ ಉಳಿಸಿ ಮರಿ ಪಡೆದರು. ಒಳಪೊರೆ ಹರಿದಿದ್ದರೆ ಮಾತ್ರ ಉಳಿಯುವ ಆಸೆ ಕಡಿಮೆ.

ಮೊಟ್ಟೆ ಸಿಕ್ಕಿಕೊಳ್ಳುವುದು, ಎಗ್ ಬೈಂಡಿಂಗ್, ಇವೆಲ್ಲಕ್ಕಿಂತ ತುರ್ತಿನದು. ಹಕ್ಕಿ ಗರಿಯುಬ್ಬಿಸಿ ಪಂಜರದ ನೆಲದ ಮೇಲೆ ಕೂತಿರುತ್ತದೆ, ಕಾಲುಗಳನ್ನು ಅಗಲಿಸಿರುತ್ತದೆ, ಉಸಿರು ಎಳೆದಾಗಲೆಲ್ಲ ಬಾಲ ಮೇಲೆ ಕೆಳಗೆ ತುಯ್ಯುತ್ತದೆ, ಹಿಕ್ಕೆ ನಿಂತಿರುತ್ತದೆ ಅಥವಾ ಒಮ್ಮೆಲೇ ದೊಡ್ಡದಾಗಿ ಬೀಳುತ್ತದೆ; ಮೊಟ್ಟೆ ನರವನ್ನು ಒತ್ತಿದರೆ ಒಂದು ಕಾಲು ಸೋತು ಕುಂಟುತ್ತದೆ, ಜನ ಅದನ್ನು ಕಾಲು ಮುರಿದಿದೆ ಎಂದು ಭಾವಿಸಿ ತರುತ್ತಾರೆ. ಹೀಗೆ ಕಂಡಾಗ ಹಕ್ಕಿಯನ್ನು ಚಿಕ್ಕ ಪೆಟ್ಟಿಗೆಗೆ ಹಾಕಿ, ಒಳಗೆ ಮೂವತ್ತು ಡಿಗ್ರಿ ಆಸುಪಾಸು ಬೆಚ್ಚಗಿರುವಂತೆ ಬಲ್ಬು ಹೊತ್ತಿಸಿ, ಬದಿಗೆ ಬಿಸಿನೀರಿನ ಬಟ್ಟಲಿಟ್ಟು ತೇವ ಹೆಚ್ಚಿಸಿ, ಹಕ್ಕಿಗಳನ್ನು ನೋಡಬಲ್ಲ ವೈದ್ಯರ ಬಳಿಗೆ ಹೊರಡಿ. ಹೊಟ್ಟೆಯನ್ನು ಒತ್ತಬೇಡಿ. ಒಳಗೆ ಒಡೆದ ಚಿಪ್ಪು ಅಂಡನಾಳವನ್ನು ಸೀಳುತ್ತದೆ, ಒತ್ತಡಕ್ಕೆ ನಾಳವೇ ಹೊರಬರಬಹುದು. ಹರಳೆಣ್ಣೆ ಕುಡಿಸುವ ಮನೆಮದ್ದು ಕೂಡ ಬೇಡ. ಬಾಯಿಂದ ಹೋದ ಎಣ್ಣೆ ಅಂಡನಾಳವನ್ನು ಮುಟ್ಟುವುದೇ ಇಲ್ಲ, ಶ್ವಾಸಕೋಶಕ್ಕೆ ಮಾತ್ರ ಹೋಗಬಹುದು. ವೈದ್ಯರು ಕ್ಯಾಲ್ಸಿಯಂ ಮತ್ತು ದ್ರವದ ಇಂಜೆಕ್ಷನ್ ಕೊಟ್ಟು ಕಾಯುತ್ತಾರೆ, ಬೇಕಾದರೆ ಸಂಕೋಚನಕ್ಕೆ ಹಾರ್ಮೋನ್ ಕೊಡುತ್ತಾರೆ, ಅದೂ ಆಗದಿದ್ದರೆ ಸೂಜಿಯಿಂದ ಮೊಟ್ಟೆಯ ಒಳಗಿನದನ್ನು ಹೀರಿ ಚಿಪ್ಪನ್ನು ಕುಗ್ಗಿಸಿ ತೆಗೆಯುತ್ತಾರೆ. ಬಡ್ಜಿಯಂಥ ಪುಟ್ಟ ಹಕ್ಕಿಗೆ ಇಲ್ಲಿ ಗಂಟೆಗಳ ಲೆಕ್ಕ. ನಾಳೆ ಬೆಳಿಗ್ಗೆ ನೋಡೋಣ ಎಂದರೆ ಬೆಳಿಗ್ಗೆ ಹಕ್ಕಿ ಇರುವುದಿಲ್ಲ.

ಉಪನ್ಯಾಸದ ಕೊನೆಗೆ ಸಭಿಕರೊಬ್ಬರು, ಒಂಟಿಯಾಗಿರುವ ತಮ್ಮ ಕಾಕಟೀಲ್ ಹೆಣ್ಣು ಮೇಲಿಂದ ಮೇಲೆ ಮೊಟ್ಟೆ ಇಡುತ್ತಿದೆ, ಇಟ್ಟ ಕೂಡಲೇ ತೆಗೆದು ಎಸೆಯುತ್ತಿದ್ದೇವೆ, ಆದರೂ ನಿಲ್ಲುತ್ತಿಲ್ಲ ಏಕೆ ಎಂದು ಕೇಳಿದರು. ತೆಗೆಯುತ್ತಿರುವುದರಿಂದಲೇ ನಿಲ್ಲುತ್ತಿಲ್ಲ ಸ್ವಾಮಿ, ಎಂಬುದು ಇದಕ್ಕೆ ಉತ್ತರ. ಗೂಡಿನಲ್ಲಿ ಸಂಖ್ಯೆ ತುಂಬುವವರೆಗೆ ಇಡುತ್ತಲೇ ಇರುವುದು ಅದರ ಸ್ವಭಾವ. ಮೊಟ್ಟೆಗಳನ್ನು ಅಲ್ಲೇ ಬಿಡಿ, ಇಲ್ಲವೇ ಅದೇ ಗಾತ್ರದ ಪ್ಲಾಸ್ಟಿಕ್ ಮೊಟ್ಟೆ ಇಡಿ. ಮೂರು ವಾರ ಕಾವು ಕೂತು ಬೇಸತ್ತು ತಾನೇ ಬಿಟ್ಟೇಳುತ್ತದೆ, ಆಗ ತೆಗೆಯಿರಿ. ಅಷ್ಟರಲ್ಲಿ ಸಂಜೆ ಆರಕ್ಕೇ ಪಂಜರಕ್ಕೆ ಬಟ್ಟೆ ಹೊದಿಸಿ ದಿನದ ಬೆಳಕನ್ನು ಹತ್ತು ಗಂಟೆಗಳಷ್ಟಕ್ಕೆ ಇಳಿಸಿ, ಕನ್ನಡಿ ತೆಗೆಯಿರಿ, ಸೋಫಾದ ಕೆಳಗೆ, ಬೀರುವಿನ ಮೂಲೆಗೆ ನುಸುಳಲು ಬಿಡಬೇಡಿ, ಕಾಗದ ಹರಿಯಲು ಕೊಡಬೇಡಿ. ಮುದ್ದು ಮಾಡುವಾಗ ಕೈ ತಲೆ ಕುತ್ತಿಗೆಗಳಿಗೆ ಮಾತ್ರ ಇರಲಿ. ಬೆನ್ನು ಸವರುವುದನ್ನು ಹೆಣ್ಣುಹಕ್ಕಿ ಗಂಡಿನ ಸ್ಪರ್ಶವೆಂದೇ ತಿಳಿಯುತ್ತದೆ. ಎರಡು ತಿಂಗಳಲ್ಲಿ ತಹಬಂದಿಗೆ ಬಾರದಿದ್ದರೆ ಅಂಡಾಶಯವನ್ನು ಕೆಲಕಾಲ ಸುಮ್ಮನಾಗಿಸುವ ಹಾರ್ಮೋನ್ ಇಂಜೆಕ್ಷನ್ನುಗಳಿವೆ, ಅವುಗಳ ಬಗ್ಗೆ ವೈದ್ಯರನ್ನು ಕೇಳಿ. ಗಂಡು ತಂದು ಜೋಡಿ ಮಾಡಿದರೆ ಸರಿಹೋಗುತ್ತದೆಯೇ ಎಂದು ಅವರೇ ಮುಂದುವರಿದು ಕೇಳಿದರು. ಇಲ್ಲ, ಈಗಾಗಲೇ ಸುಣ್ಣ ಬತ್ತಿರುವ ಆ ಹೆಣ್ಣಿಗೆ ಮೊಟ್ಟೆಯ ಜೊತೆಗೆ ಮರಿಗಳ ಹೊಣೆಯೂ ಸೇರುತ್ತದೆ, ಈ ವರ್ಷ ಅದನ್ನು ಒಂಟಿಯಾಗಿಯೇ ಬಿಡಿ.